ಭಾಷಣದ ಸಿದ್ರಾಯ

ಮೈಕಿನ ಧಂದೆಯಲ್ಲಿ ಮೂವತ್ತು ವರ್ಷ ಕಳೆದವನು ನಾನು. ಮೂಡಲಗಿಯ ಹಳೇ ಬಸ್ ಸ್ಟ್ಯಾಂಡಿನ ಬಾಜೂ ನನ್ನ ಅಂಗಡಿ. ಜಿನೇಂದ್ರ ಅಂದರೆ ಅಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ, ಮೈಕಿನ ಜಿನ್ನಪ್ಪ ಅನ್ನಬೇಕು. ಮದುವೆ, ಕುಸ್ತಿ, ಬಸದಿಯ ಪೂಜೆ, ಚುನಾವಣೆ, ಎಲ್ಲಿ ಹೋದರೂ ನನ್ನ ಜಾಗ ವೇದಿಕೆಯ ಹಿಂದೆ, ಆಂಪ್ಲಿಫೈಯರಿನ ಮುಂದೆ. ದೊಡ್ಡವರೆಲ್ಲ ಜನರಿಗೆ ಮುಖ ತೋರಿಸುತ್ತಾರೆ, ನನಗೆ ಬೆನ್ನು. ಬೆನ್ನು ನೋಡಿ ನೋಡಿ ಅವರ ಮೇಲಿನ ಭಯ ಯಾವಾಗಲೋ ಹೋಯಿತು, ಮರ್ಯಾದೆಯೂ ಅಷ್ಟಕ್ಕಷ್ಟೇ. ಆದರೆ ಸಿದ್ರಾಯನ ಮಾತು ತೆಗೆದರೆ ಮಾತ್ರ ಈ ವಯಸ್ಸಿನಲ್ಲೂ ನಾನು ಎದ್ದು ಅಂಗಡಿಯ ಬಾಗಿಲು ಎಳೆದುಕೊಳ್ಳುತ್ತೇನೆ.

ಸಿದ್ರಾಯ ಕಲ್ಲೋಳಿಯವನು. ಕುರಿ ಕಾಯುವ ಮನೆತನ, ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು. ಆದರೆ ಆ ಗಂಟಲು ಇತ್ತಲ್ಲ, ಅದು ಯಾವ ಸಾಲಿಯಲ್ಲೂ ಸಿಗುವಂಥದ್ದಲ್ಲ. ಕಾಲುವೆಯ ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯ ಕುರಿ ಕಿವಿ ನಿಮಿರಿಸುತ್ತಿದ್ದವು. ಒಮ್ಮೆ ಕುಸ್ತಿ ಕಣದಲ್ಲಿ ಹೆಸರು ಕೂಗುವ ಮಾಸ್ತರರು ಬರಲಿಲ್ಲ. ಅಲ್ಲೇ ನಿಂತಿದ್ದ ಸಿದ್ರಾಯನ ಕೈಗೆ ನಾನೇ ಮೈಕು ಕೊಟ್ಟೆ. ಆವತ್ತು ಸೋತ ಪೈಲವಾನನೂ ತನ್ನ ಹೆಸರು ಕೇಳಿ ಎದೆ ಉಬ್ಬಿಸಿದ. ಆ ಪಾಪದ ಮೊದಲ ಗುಂಡಿ ಒತ್ತಿದವನು ನಾನು, ಅದನ್ನು ಮುಚ್ಚಿಡುವುದಿಲ್ಲ.

ಕುಸ್ತಿಯಿಂದ ಮದುವೆ, ಮದುವೆಯಿಂದ ಚುನಾವಣೆ. ತೊಂಬತ್ತನಾಲ್ಕರ ಹೊತ್ತಿಗೆ ಗೋಕಾಕದಿಂದ ಹುಕ್ಕೇರಿವರೆಗೆ ಅವನು ಭಾಷಣದ ಸಿದ್ರಾಯ ಆಗಿಬಿಟ್ಟಿದ್ದ.

ನಮ್ಮ ಕಡೆ ಚುನಾವಣೆ ಸಭೆಗೆ ಒಂದು ಪದ್ಧತಿ ಇತ್ತು. ಈಗಲೂ ಇದೆ ಅನ್ನಿ. ಐದಕ್ಕೆ ಬರುತ್ತೇನೆಂದ ದೊಡ್ಡವರು ಏಳಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಜನ ಎದ್ದು ಹೋಗಬಾರದು. ಅದಕ್ಕೆ ಒಬ್ಬ ಬಾಡಿಗೆ ಭಾಷಣದವನು ಬೇಕು. ಅವನ ಕೆಲಸ ಗರಂ ಮಾಡುವುದು. ಅಂದರೆ ಎದುರು ಪಾರ್ಟಿಯವನನ್ನು ಅವನ ಹಡೆದವ್ವ ಕರೆಯುವ ಹಾಗೆ ಕರೆದು, ಅವಳು ಎಂದೂ ಬಯ್ಯದ ಹಾಗೆ ಬಯ್ಯುವುದು. ಆಮೇಲೆ ಜೀಪು ಬರುತ್ತದೆ, ಹಾರ ಬೀಳುತ್ತದೆ, ದೊಡ್ಡವರು ಮೈಕು ಹಿಡಿದು ಮೊದಲು ಭಾಷಣದವನಿಗೇ ಬುದ್ಧಿ ಹೇಳುತ್ತಾರೆ. "ಹಂಗೆಲ್ಲಾ ಅನಬಾರದಪಾ. ಅವ್ರು ನನಗ ಹಿರಿಯಣ್ಣ ಇದ್ದಂಗ." ಜನ ಚಪ್ಪಾಳೆ ಹೊಡೆಯುತ್ತಾರೆ, ಎಂಥಾ ದೊಡ್ಡ ಮನಸ್ಸು ಅನ್ನುತ್ತಾರೆ. ಬೈಗುಳ ಬಾಡಿಗೆಯದು, ಮರ್ಯಾದೆ ಸ್ವಂತದ್ದು. ಎದುರು ಪಾರ್ಟಿಯಲ್ಲೂ ಇದೇ ಆಟ.

ನಾನು ಹೇಳುತ್ತಿರುವ ದೊಡ್ಡವರು ಇಬ್ಬರು. ಒಬ್ಬರು ತಾತ್ಯಾಸಾಹೇಬರು, ಇನ್ನೊಬ್ಬರು ಭೀಮಗೌಡರು. ಹುಕ್ಕೇರಿ ಕಡೆಯವರು, ಒಬ್ಬರ ವಿರುದ್ಧ ಒಬ್ಬರು ನಿಲ್ಲುತ್ತಿದ್ದವರು. ತೊಂಬತ್ತನಾಲ್ಕರಲ್ಲಿ ಸಿದ್ರಾಯ ಭೀಮಗೌಡರ ಕಡೆಯಿಂದ ತಾತ್ಯಾಸಾಹೇಬರನ್ನು ಬೈದ. ತೊಂಬತ್ತೊಂಬತ್ತರಲ್ಲಿ ತಾತ್ಯಾಸಾಹೇಬರ ಕಡೆಯಿಂದ ಭೀಮಗೌಡರನ್ನು ಬೈದ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಬೈಸಿಕೊಂಡವರೇ ಅವನನ್ನು ಕರೆಸಿ, "ಭಾಳ ಛಲೋ ಬೈತಿ ನೋಡಲೇ," ಎಂದು ಬೆನ್ನು ತಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವನ ಭಾಷಣದಲ್ಲಿ ಜನ ಕಾಯುತ್ತಿದ್ದ ಒಂದು ಮಾತಿತ್ತು. ಕೊನೆಗೆ ಮೈಕು ಮುಂದೆ ಚಾಚಿ ಹೇಳುತ್ತಿದ್ದ. "ಭೀಮ್ಯಾನ ಮಂದ್ಯಾಗ ಗಂಡಸ ಅನ್ನಾಂವ ಯಾವನರ ಇದ್ರ, ಬಂದು ನನ್ನ ಕೈಯಾಗಿನ ಮೈಕ್ ಕಸ್ಕೊಳ್ಳಲಿ." ಶಿಳ್ಳೆಯೋ ಶಿಳ್ಳೆ. ಐವತ್ತು ಊರಲ್ಲಿ ಹೇಳಿರಬೇಕು. ಯಾರೂ ಬರುತ್ತಿರಲಿಲ್ಲ. ಅದು ಬರುವುದಕ್ಕೆ ಹೇಳುವ ಮಾತೇ ಅಲ್ಲ, ಎಲ್ಲರಿಗೂ ಗೊತ್ತಿತ್ತು.

ದಡ್ಡಿಯಲ್ಲಿ ಒಬ್ಬ ಬಂದ.

ಅದು ತೊಂಬತ್ತೊಂಬತ್ತರ ಸೆಪ್ಟೆಂಬರು. ದಡ್ಡಿಗೆ ಹೋಗಬೇಕು ಎಂದಾಗ ಸಿದ್ರಾಯ ಮೊದಲು ಒಲ್ಲೆ ಅಂದಿದ್ದ. ಅವನ ಒಬ್ಬಳೇ ತಂಗಿ ಕಾಡವ್ವನನ್ನು ಕೊಟ್ಟ ಊರು ಅದು. ಅವಳ ಗಂಡ ಮಾಯಪ್ಪ ಬೇರೆ ಯಾರೂ ಅಲ್ಲ, ಇವರ ಸೋದರತ್ತೆಯ ಮಗನೇ. ಸಿದ್ರಾಯನೂ ಅವನೂ ಒಂದೇ ವಾರಿಗೆಯವರು, ಸಣ್ಣಂದಿನಲ್ಲಿ ಒಂದೇ ಕಂಬಳಿಯಲ್ಲಿ ಮಲಗಿ ಕುರಿ ಕಾದವರು. ಮಾಯಪ್ಪನ ಬಾವಿಗೆ ಕರೆಂಟು ಕೊಡಿಸಿದವರು ಭೀಮಗೌಡರು, ಹಾಗಾಗಿ ಅವನು ಅವರ ಮನುಷ್ಯ. ಇದನ್ನೆಲ್ಲ ಹೇಳಿ ಸಿದ್ರಾಯ ಕೈ ಮುಗಿದರೂ ಪಾರ್ಟಿ ಆಫೀಸಿನವರು ಕೇಳಲಿಲ್ಲ.

ದಾರಿಯಲ್ಲಿ ಜೀಪಿನೊಳಗೆ ನನಗೆ ಹೇಳಿದ. "ಜಿನ್ನಪ್ಪಾ, ಇವತ್ತ ಸಣ್ಣದ ಮಾಡಿ ಮಾತಾಡ್ತೇನಿ. ನೀನೂ ಆವಾಜ ಕಡಿಮಿ ಇಡು."

"ಆತು, ಇಡ್ತೇನಿ," ಎಂದೆ.

ಟ್ರ್ಯಾಕ್ಟರಿನ ಟ್ರೇಲರೇ ವೇದಿಕೆ. ನಾಲ್ಕು ಹಾರ್ನು ಕಟ್ಟಿದ್ದೆವು, ಒಂದು ಹೊಳೆಯ ಕಡೆ, ಒಂದು ಮಾಯಪ್ಪನ ಓಣಿಯ ಕಡೆ. ಮೊದಲ ಹತ್ತು ನಿಮಿಷ ಸಿದ್ರಾಯ ಹೇಳಿದಂತೆಯೇ ನಡೆದ. ರಸ್ತೆ, ನೀರು, ಕಬ್ಬಿನ ಬಿಲ್ಲು. ಜನ ಆಕಳಿಸತೊಡಗಿದರು. ಹಿಂದಿನಿಂದ ಒಬ್ಬ, "ಏನೋ ಭಾಷಣದ ಸಿದ್ರಾಯ, ತಂಗಿ ಊರಂತ ನಾಲಿಗಿ ಮನ್ಯಾಗ ಇಟ್ಟ ಬಂದಿಯೇನು?" ಎಂದ. ಜನ ನಕ್ಕರು. ಅಷ್ಟೇ ಸಾಕಾಯಿತು. ಭೀಮ್ಯಾ ಎಂದ, ಶಿಳ್ಳೆ ಬಿತ್ತು. ಭೀಮ್ಯಾನ ಮೀಸಿ ಎಂದ, ಇನ್ನೂ ಜೋರು ಬಿತ್ತು. ಶಿಳ್ಳೆ ಕೇಳಿದರೆ ಸಿದ್ರಾಯನಿಗೆ ತಂಗಿಯೂ ಇಲ್ಲ, ಬಳಗವೂ ಇಲ್ಲ. ಮತ್ತೆ ನಾನು? ನಾನು ಆವಾಜು ಏರಿಸಿದೆ. ಯಾರೂ ಹೇಳಲಿಲ್ಲ. ಕೈ ರೂಢಿ, ಜನ ಗರಂ ಆದರೆ ಏರಿಸುತ್ತಿದ್ದೆ, ಏರಿಸಿದೆ.

ಮೈಕು ಚಾಚಿ ಆ ಮಾತು ಹೇಳಿದಾಗ ಗುಂಪು ಸರಿದು ದಾರಿ ಬಿಟ್ಟಿತು. ಮಾಯಪ್ಪ ಬರುತ್ತಿದ್ದ. ಹೆಗಲ ಮೇಲೆ ಟಾವೆಲ್, ಕೈಯಲ್ಲಿ ಏನೂ ಇಲ್ಲ. ಸಿಟ್ಟಿನ ನಡಿಗೆಯೂ ಅಲ್ಲ, ಹೊಲದಿಂದ ಮನೆಗೆ ಬರುವವರ ನಡಿಗೆ. ಟ್ರೇಲರು ಹತ್ತಿ ಸಿದ್ರಾಯನ ಕೈಯ ಮೇಲೆ ಕೈಯಿಟ್ಟ. ಮೈಕು ಇಬ್ಬರ ಕೈಯಲ್ಲೂ ಇತ್ತು. ಅವನು ಆಡಿದ ಮಾತು ನಾಲ್ಕೂ ಹಾರ್ನಿನಲ್ಲಿ ಬಂತು.

"ಸಿದ್ರಾ, ಸಾಕ್ ಮಾಡೋ. ಕಾಡವ್ವ ಕೇಳಾಕತ್ತಾಳ."

ಪಾರ್ಟಿ ಹುಡುಗರು ಆ ಮಾತಿಗೆ ಕಿವಿ ಕೊಡಲಿಲ್ಲ. ಮೈಕಿಗೆ ಕೈ ಹಾಕಿದ್ದಷ್ಟೇ ಅವರಿಗೆ ಕಂಡಿತು. ಹಿಂದಿನಿಂದ ಅಂಗಿ ಹಿಡಿದು ಜಗ್ಗಿದರು. ಮಾಯಪ್ಪ ಅಂಗಾತ ಕೆಳಗೆ ಬಿದ್ದ, ತಲೆ ಕಟ್ಟೆಯ ಕಲ್ಲಿಗೆ ಬಡಿಯಿತು. ಬೆಳಗಾವಿಗೆ ಒಯ್ದರು. ಮೂರನೆಯ ದಿನ ಹೋದ.

ಅವನನ್ನು ಜೀಪಿಗೆ ಹಾಕಿ ಅರ್ಧ ತಾಸಾಗಿತ್ತು, ತಾತ್ಯಾಸಾಹೇಬರು ಬಂದರು. ಯಾರೋ ಕಿವಿಯಲ್ಲಿ ಹೇಳಿದರು. ತಲೆ ಆಡಿಸಿದರು, ಮೈಕು ಹಿಡಿದರು. "ಭೀಮಗೌಡ್ರು ನನಗ ಹಿರಿಯಣ್ಣ ಇದ್ದಂಗ," ಎಂದರು. ಜನ ಚಪ್ಪಾಳೆ ಹೊಡೆದರು.

ಕಾಲು ಜಾರಿ ಬಿದ್ದ ಎಂದು ಎರಡೂ ಪಾರ್ಟಿಯವರು ಪೊಲೀಸರಲ್ಲಿ ಬರೆಸಿದರು. ಮೂರು ದಿನದ ಕಾರ್ಯಕ್ಕೆ ಇಬ್ಬರೂ ದೊಡ್ಡವರು ಬಂದರು. ಮಾಯಪ್ಪನ ಬಾಗಿಲಲ್ಲಿ ಎದುರುಬದುರಾದರು. "ನೀವ ಮೊದಲ ಬರ್ರಿ, ಅಣ್ಣಾ." "ಛೆ ಛೆ, ನೀವ ಬರ್ರಿ." ಹೀಗೆ ಹೊಸ್ತಿಲಲ್ಲಿ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ ನಿಂತರು. ಸಿದ್ರಾಯ ಹೊರಗೆ ಗೋಡೆಗೆ ಆತು ನಿಂತಿದ್ದ. ಒಳಗೆ ಕಾಡವ್ವ ಕೂತಿದ್ದಳು. ಇಪ್ಪತ್ತೆಂಟರ ಹೆಣ್ಣು. ಅಣ್ಣನ ಕಡೆ ನೋಡಿದಳು, ನೋಡಿ ಮುಖ ತಿರುವಲಿಲ್ಲ, ಅಳಲಿಲ್ಲ, ಬಯ್ಯಲೂ ಇಲ್ಲ. ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿದಳು. ಅವಳು ಅವನೊಡನೆ ಮಾತು ಬಿಟ್ಟದ್ದು ಆ ದಿನ.

ಎರಡು ತಿಂಗಳಾದ ಮೇಲೆ ಮೂಡಲಗಿಯಲ್ಲಿ ಒಂದು ಮದುವೆ. ಸಿದ್ರಾಯನನ್ನು ಒತ್ತಾಯ ಮಾಡಿ ಕರೆದೊಯ್ದಿದ್ದೆ. ಮೈಕಿಗೆ ಫೂ ಎಂದು ಊದಿದವನು ತಟ್ಟನೆ ಅದನ್ನು ಕೆಳಗಿಟ್ಟ.

"ಕೇಳ್ತೇನು?"

"ಏನದು?"

"ಅಂವ. ಸಿದ್ರಾ ಅಂದ."

ನಾನು ವೈರು ಬಿಚ್ಚಿ ನೋಡಿದೆ, ಹಾರ್ನು ಬದಲಿಸಿದೆ, ಬೇರೆ ಮೈಕು ಕೊಟ್ಟೆ. ಅದರಲ್ಲೂ ಅವನಿಗೆ ಅದೇ ಕೇಳಿತು, ಮಾಯಪ್ಪನ ದನಿ. ಬರೀ ಹೆಸರು. ಮುಂದಿನ ಮಾತಿಲ್ಲ. ಮೈಕು ಹಿಡಿದು ಬಾಯಿ ತೆರೆಯುವ ಮೊದಲು ಒಂದು ಸಲ, ಅಷ್ಟೇ. ದಿನ ಕಳೆದಂತೆ ಬಸ್ ಸ್ಟ್ಯಾಂಡಿನ ಲೌಡ್ ಸ್ಪೀಕರಿನಲ್ಲೂ, ಸಾಲಿಯ ಪ್ರಾರ್ಥನೆಯ ಹಾರ್ನಿನಲ್ಲೂ ಕೇಳತೊಡಗಿತಂತೆ. ಗೋಕಾಕದ ಡಾಕ್ಟರರು ಕಿವಿಗೆ ಬ್ಯಾಟರಿ ಬಿಟ್ಟು ನೋಡಿ ಏನೂ ಇಲ್ಲ ಎಂದರು. ನಿದ್ದೆಗುಳಿಗೆ ಕೊಟ್ಟರು. ನನಗೆ ತಲೆ ಕೆಟ್ಟು ಒಮ್ಮೆ ಬೈದೆ. "ಅಷ್ಟ ಕೇಳಿಸ್ತಿದ್ರ ಮೈಕ್ ಬಿಡೋ ಮಾರಾಯಾ. ಕುರಿ ಕಾಯಿ ಹೋಗು."

"ಬಿಟ್ರ ಅಂವ ಎಲ್ಲಿ ಹೋಗ್ಬೇಕು?" ಎಂದ.

ಚುನಾವಣೆ ಬಿಟ್ಟ. ಮದುವೆ, ಸಾಲಿಯ ಗ್ಯಾದರಿಂಗು, ಸರಕಾರದ ಕಾರ್ಯಕ್ರಮ, ಇಷ್ಟಕ್ಕೆ ಮಾತ್ರ ಬರುತ್ತಿದ್ದ. ಇನ್ನೊಂದು ಸಂಗತಿ ನನ್ನ ಗಮನಕ್ಕೆ ಬಂತು. ಮಾಯಪ್ಪ ಎಂಬ ಹೆಸರು ಅವನ ಬಾಯಲ್ಲಿ ಬರುತ್ತಿರಲಿಲ್ಲ. ಪಟ್ಟಿಯಲ್ಲಿ ಬೇರೆ ಯಾವ ಮಾಯಪ್ಪ ಇದ್ದರೂ ಬರೀ ಅಡ್ಡಹೆಸರು ಓದುತ್ತಿದ್ದ. ಎಷ್ಟೋ ಬೀಗರು ಇದಕ್ಕೆ ಸಿಟ್ಟಾಗಿ ನನ್ನ ಮೇಲೆ ಹಾರಾಡಿದ್ದಾರೆ.

ಎರಡು ಸಾವಿರದ ಇಸವಿಯ ಮೇ ತಿಂಗಳಲ್ಲಿ ಗೋಕಾಕದ ಒಂದು ಮದುವೆಗೆ ಇಬ್ಬರೂ ದೊಡ್ಡವರು ಬಂದಿದ್ದರು. ಊಟಕ್ಕೆ ಒಂದೇ ಸಾಲು. ಆಶೀರ್ವಾದಕ್ಕೆಂದು ಮೈಕು ಹಿಡಿದ ತಾತ್ಯಾಸಾಹೇಬರು, "ನನ್ನ ಹಿರಿಯಣ್ಣ ಭೀಮಗೌಡ್ರ," ಎಂದರು. ಭೀಮಗೌಡರು ಎದ್ದು ಬಂದು, "ನನ್ನ ತಮ್ಮ ಏನ್ ಹೇಳ್ತಾನೋ ಅದ ನನ್ನ ಮಾತು," ಎಂದು ತೆಕ್ಕೆಗೆ ಹಾಕಿಕೊಂಡರು. ಮಂಟಪವೆಲ್ಲ ಚಪ್ಪಾಳೆ. ಸಿದ್ರಾಯ ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ.

"ಇವರು ಅಣ್ಣ ತಮ್ಮ ಆಗಾಕ ಎಂಟ ತಿಂಗಳ ಹಿಡೀತು. ನನಗೆಷ್ಟ ಹಿಡೀತೈತಿ, ಜಿನ್ನಪ್ಪಾ?"

ನಾನು ಗುಂಡಿಯ ಮೇಲೆ ಕೈಯಿಟ್ಟು ಕೂತೆ. ಚಪ್ಪಾಳೆ ನಿಂತು, ಇಬ್ಬರೂ ಮೈಕು ಬಿಟ್ಟು ಕೆಳಗಿಳಿದಿದ್ದರು, ವೇದಿಕೆಯ ಮೇಲೆ ಯಾರೂ ಇರಲಿಲ್ಲ. ಆಗ ನನಗೂ ಕೇಳಿತು. ನಾನು ಜಿನಭಗವಾನರನ್ನು ನಂಬುವವನು, ದೆವ್ವ ಭೂತ ಅಂದರೆ ನಗುವವನು. ಆದರೂ ಹೇಳುತ್ತೇನೆ, ನಡುಹಗಲು ಹನ್ನೆರಡರ ಬಿಸಿಲಲ್ಲಿ ನನ್ನ ಸ್ವಂತ ಹಾರ್ನಿನಿಂದ ಮೆಲ್ಲಗೆ ಸಿದ್ರಾ ಎಂದು ಬಂತು. ಸಿದ್ರಾಯನ ಕಡೆ ನೋಡಿದೆ. ಅವನು ತಲೆ ಬಗ್ಗಿಸಿ ಹೂಂಗುಡುತ್ತಿದ್ದ. ಆ ಆಂಪ್ಲಿಫೈಯರು ಮಾರಿಬಿಟ್ಟೆ.

ಅವನ ತಲೆಯಲ್ಲಿ ಒಂದೇ ಕೂತಿತ್ತು. ಕಾಡವ್ವ ಒಂದು ಸಲ ಯಣ್ಣಾ ಎಂದು ಕರೆದರೆ ಸಾಕು, ಆ ದನಿ ಹೋಗುತ್ತದೆ. ಸತ್ತವನು ಅವಳ ಪರವಾಗಿ ಬಂದವನು, ಅವಳು ಬಿಟ್ಟರೆ ಅವನೂ ಬಿಡುತ್ತಾನೆ. ಪ್ರತಿ ವರ್ಷ ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಉಂಡಿಯ ಡಬ್ಬಿ ಹಿಡಿದು ದಡ್ಡಿಗೆ ಹೋಗುತ್ತಿದ್ದ. ಎರಡು ಸಲ ನಾನೂ ಜೊತೆಗೆ ಹೋಗಿದ್ದೆ. ಅವಳು ಹೊರಗೆ ಬಂದು ನೀರಿನ ತಂಬಿಗೆ ಕಟ್ಟೆಯ ಮೇಲಿಟ್ಟು ಒಳಗೆ ಹೋಗುತ್ತಿದ್ದಳು. ಇವನು ನೀರು ಕುಡಿದು, ಡಬ್ಬಿ ಅಲ್ಲಿಟ್ಟು, ಒಂದು ತಾಸು ಕಾದು ಬರುತ್ತಿದ್ದ. ಬೈದರೆ ಇವನು ಬದುಕಿಕೊಳ್ಳುತ್ತಿದ್ದನೇನೋ. ಬೈಯಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಭೀಮಗೌಡರು ತಾತ್ಯಾಸಾಹೇಬರ ಪಾರ್ಟಿಗೇ ಬಂದರು. ಮರುವರ್ಷ ಗ್ರಾಮ ಪಂಚಾಯತಿ ಚುನಾವಣೆ, ಹೆಣ್ಣುಮಕ್ಕಳ ಸೀಟು. ಇಬ್ಬರೂ ಕೂಡಿ ಕಾಡವ್ವನನ್ನು ನಿಲ್ಲಿಸಿದರು. ಗಂಡನನ್ನು ಕಳೆದುಕೊಂಡವಳು, ಊರ ಮರುಕ ಅವಳ ಮೇಲಿತ್ತು, ಅವರಿಗೆ ಅದು ಬೇಕಿತ್ತು. ಅವಳು ಯಾಕೆ ಒಪ್ಪಿದಳೋ ಆಗ ನನಗೆ ತಿಳಿಯಲಿಲ್ಲ. ಆರಿಸಿ ಬಂದಳು, ಅಧ್ಯಕ್ಷಳೂ ಆದಳು.

ಆ ವರ್ಷ ದೀಪಾವಳಿ ಮುಗಿದ ಮೇಲೆ ದಡ್ಡಿಯಲ್ಲಿ ಸಮುದಾಯ ಭವನದ ಅಡಿಗಲ್ಲು. ಮೈಕು ನನ್ನದು. ನಿರೂಪಣೆಗೆ ಸಿದ್ರಾಯನೇ ಬೇಕು ಎಂದು ಪಂಚಾಯತಿಯಿಂದ ಹೇಳಿಕಳಿಸಿದ್ದರು. ಅಧ್ಯಕ್ಷರೇ ಹೆಸರು ಸೂಚಿಸಿದ್ದಾರೆ ಎಂದಿದ್ದರು. ಜೊತೆಗೆ ಅಧ್ಯಕ್ಷರು ಆಡಬೇಕಾದ ನಾಲ್ಕು ಮಾತನ್ನೂ ಅವನೇ ಬರೆದು ಕಳಿಸಬೇಕು. ಅದನ್ನು ಕೇಳಿ ಸಿದ್ರಾಯನ ಮುಖ ಹೇಗೆ ಬೆಳಗಿತು ಅಂತೀರಿ. ಆರು ವರ್ಷದಲ್ಲಿ ನಾನು ಕಾಣದ ಮುಖ.

ಮೂರು ದಿನ ನನ್ನ ಅಂಗಡಿಯಲ್ಲಿ ಕೂತು ಬರೆದ. ಸಭೆಯಲ್ಲಿ ಮಾತಾಡುವವರು ಮೊದಲು ವೇದಿಕೆಯ ಮೇಲಿದ್ದವರನ್ನೆಲ್ಲ ಸಾಲಾಗಿ ಹೆಸರು ಹಿಡಿದು ಕರೆಯಬೇಕು. ಯಾರು ಮೊದಲು, ಯಾರಿಗೆ ಸನ್ಮಾನ್ಯ, ಯಾರಿಗೆ ಬರೀ ಶ್ರೀ, ಎಲ್ಲ ತೂಗಿ ಬರೆದ. ಕೊನೆಯ ಹೆಸರು ನಿರೂಪಕನದ್ದು. ಅಲ್ಲಿ ಜಾಗ ಖಾಲಿ ಬಿಟ್ಟಿದ್ದ.

"ಇದನ್ಯಾಕ ಬಿಟ್ಟಿ?"

"ಅಲ್ಲಿ ನನ್ನ ಏನಂತ ಕರೀತಾಳೋ ಅದ ಆಕಿಗೆ ಬಿಟ್ಟದ್ದು," ಎಂದ. ಆಮೇಲೆ ನನ್ನ ಮೊಣಕೈ ಹಿಡಿದು, "ಮೈಕಿನ್ಯಾಗ ಕಳಕೊಂಡದ್ದು ಮೈಕಿನ್ಯಾಗ ಸಿಗ್ಲಿ, ಜಿನ್ನಪ್ಪಾ," ಎಂದ. ನನಗೂ ಆಸೆ ಹುಟ್ಟಿತು, ಸುಳ್ಳು ಯಾಕೆ ಹೇಳಲಿ. ಆವತ್ತು ಹೊಸ ಮೈಕು ತೆಗೆದು ಒರೆಸಿ ಇಟ್ಟೆ.

ಸಭೆ ಮಧ್ಯಾಹ್ನ ನಾಲ್ಕಕ್ಕೆ. ಜನ ತುಂಬಿದ್ದರು. ಸಿದ್ರಾಯ ಬಿಳಿ ಅಂಗಿ ತೊಟ್ಟು ಬಂದಿದ್ದ. ಒಬ್ಬೊಬ್ಬರನ್ನೂ ಹೆಸರು, ತಂದೆಯ ಹೆಸರು, ಅಡ್ಡಹೆಸರು ಸಮೇತ ಕರೆದು ಕೂಡಿಸಿದ. ಹೆಣ್ಣುಮಕ್ಕಳಾದರೆ ಗಂಡನ ಹೆಸರು ಸೇರಿಸಿ ಕರೆಯುವುದು ಇಲ್ಲಿಯ ರೂಢಿ, ಸದಸ್ಯೆಯರನ್ನು ಹಾಗೆಯೇ ಕರೆದ. ಅಧ್ಯಕ್ಷರ ಸರದಿ ಬಂದಾಗ, "ಈಗ ಮಾನ್ಯ ಅಧ್ಯಕ್ಷರಾದ ಶ್ರೀಮತಿ ಕಾಡವ್ವ ಕರೆಪ್ಪಗೋಳ ಅವರು," ಎಂದ. ನಡುವೆ ಬರಬೇಕಾದ ಗಂಡನ ಹೆಸರು ನುಂಗಿದ.

ಕಾಡವ್ವ ಎದ್ದು ಬಂದಳು. ನೀಲಿ ಸೀರೆ, ತಲೆಯ ಮೇಲೆ ಸೆರಗು. ಕೈಯಲ್ಲಿ ಚೀಟಿಯಿತ್ತು, ನೋಡಲಿಲ್ಲ, ಬಾಯಿಪಾಠ ಮಾಡಿದ್ದಳು. ಸಿದ್ರಾಯ ಮೈಕು ಅವಳ ಎತ್ತರಕ್ಕೆ ಇಳಿಸಿ ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಸನ್ಮಾನ್ಯ ತಾತ್ಯಾಸಾಹೇಬ ಅಣ್ಣಾವ್ರ," ಎಂದಳು. ತಾತ್ಯಾಸಾಹೇಬರು ಕೈ ಜೋಡಿಸಿದರು. "ಸನ್ಮಾನ್ಯ ಭೀಮಗೌಡ ಅಣ್ಣಾವ್ರ," ಎಂದಳು. ಭೀಮಗೌಡರು ನಕ್ಕರು. ಇಬ್ಬರಿಗೂ ಅಣ್ಣ ಎಂದಳು, ಸಭೆಯಲ್ಲಿ ಎಲ್ಲರೂ ಅನ್ನುವ ಹಾಗೆ. ಉಳಿದವರನ್ನೂ ಒಬ್ಬರನ್ನೂ ಬಿಡದೆ ಕರೆದಳು. ಆಮೇಲೆ ನಿಂತಳು. ಹಿಂದೆ ತಿರುಗಿ, ಆರು ವರ್ಷದಲ್ಲಿ ಮೊದಲ ಸಲ, ಸಿದ್ರಾಯನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಮೈಕು ಅವಳ ಬಾಯಿಯ ಹತ್ತಿರವೇ ಇತ್ತು.

"ಸನ್ಮಾನ್ಯ ನಿರೂಪಕರ," ಎಂದಳು. "ನನ್ನ ಹೆಸರ ಅರ್ಧಾ ಹೇಳೀರಿ. ಪೂರಾ ಹೇಳ್ರಿ."

ತಮಾಷೆಯೆಂದು ತಿಳಿದು ನಾಲ್ಕು ಜನ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ತಾತ್ಯಾಸಾಹೇಬರು ಕರ್ಚೀಪು ತೆಗೆದು ಮುಖ ಒರೆಸಿಕೊಂಡರು. ಭೀಮಗೌಡರು ತಮ್ಮ ಚಪ್ಪಲಿ ನೋಡುತ್ತ ಕೂತರು. ಅವಳು ಪಕ್ಕಕ್ಕೆ ಸರಿದು ಮೈಕು ಬಿಟ್ಟುಕೊಟ್ಟಳು. ಸಿದ್ರಾಯ ಮುಂದೆ ಬಂದ. ಮೈಕು ತನ್ನ ಎತ್ತರಕ್ಕೆ ಏರಿಸಿದ. ನಾನು ಆವಾಜು ಏರಿಸಲಿಲ್ಲ, ಇಳಿಸಲೂ ಇಲ್ಲ, ಗುಂಡಿಯಿಂದ ಕೈ ತೆಗೆದೆ.

"ಶ್ರೀಮತಿ," ಎಂದ. "ಶ್ರೀಮತಿ ಕಾಡವ್ವ ಮಾಯಪ್ಪ ಕರೆಪ್ಪಗೋಳ."

ಹೊಳೆಯ ಕಡೆಗೆ ಮುಖ ಮಾಡಿದ್ದ ಹಾರ್ನಿನಿಂದ ಆ ಹೆಸರು ಹೋಗಿ ಆಚೆ ದಂಡೆಗೆ ಮುಟ್ಟಿತು.

"ಆತ್ರಿ," ಎಂದಳು ಕಾಡವ್ವ. "ಇನ್ನ ಕೂಡ್ರಿ."

ಅವನು ಕೂತ. ಅವನು ಬರೆದುಕೊಟ್ಟ ನಾಲ್ಕು ಮಾತನ್ನೂ ಅವಳು ತಪ್ಪಿಲ್ಲದೆ ಹೇಳಿದಳು, ಚಪ್ಪಾಳೆ ಬಿತ್ತು, ಸಭೆ ನಡೆಯಿತು. ಮುಗಿದ ಮೇಲೆ ಕಾಡವ್ವ ದೊಡ್ಡವರೊಂದಿಗೆ ಕೆಳಗಿಳಿದು ಬರುವಾಗ ಸಿದ್ರಾಯ ದಾರಿಯಲ್ಲಿ ವೈರು ಸುತ್ತುತ್ತ ನಿಂತಿದ್ದ. ಎಲ್ಲರಿಗೂ ಮುಗಿದ ಹಾಗೆ ಅವನಿಗೂ ಕೈ ಮುಗಿದಳು. ವೈರು ಕೆಳಗೆ ಬಿಟ್ಟು ಅವನೂ ಕೈ ಮುಗಿದ. ಮತ್ತೇನು ಮಾಡಬೇಕಿತ್ತು?

ಅವನು ಮತ್ತೆ ಮೈಕು ಹಿಡಿಯಲಿಲ್ಲ. ಕಲ್ಲೋಳಿಯಲ್ಲಿ ಹತ್ತು ಕುರಿ ಸಾಕಿಕೊಂಡ. ಕೂಗುವುದನ್ನೂ ಬಿಟ್ಟಿದ್ದ, ಕೋಲು ನೆಲಕ್ಕೆ ಬಡಿದು ಕುರಿ ಹೊಡೆಯುತ್ತಿದ್ದ. ಆರೇಳು ತಿಂಗಳಾದ ಮೇಲೆ ಕಾಲುವೆಯ ದಂಡೆಯಲ್ಲಿ ಸಿಕ್ಕ. ಕೇಳಬಾರದೆಂದುಕೊಂಡರೂ ಕೇಳಿದೆ.

"ಈಗರ ನಿಂತೈತೇನು, ಆ ದನಿ?"

"ಹೂಂ. ಅವತ್ತ ಹೆಸರ ಹೇಳಿದ ಮ್ಯಾಲ ಅಂವ ಒಮ್ಮೆನೂ ಕರದಿಲ್ಲ."

"ಛಲೋ ಆತಲ್ಲೋ. ಪೀಡಾ ಹೋತು."

ಸಿದ್ರಾಯ ಕೋಲು ಬಡಿದು ನೀರಿಗಿಳಿಯುತ್ತಿದ್ದ ಕುರಿಯೊಂದನ್ನು ಈಚೆ ತಿರುಗಿಸಿದ.

"ಏನ್ ಛಲೋ, ಜಿನ್ನಪ್ಪಾ," ಎಂದ. "ತಂಗಿ ಮನ್ಯಾಗ ನನ್ನ ಹೆಸರ ಹಿಡದ ಕರ್ಯಾಂವ ಅಂವ ಒಬ್ಬನ ಉಳದಿದ್ದ."